‘ಅದು’ ಅನ್ನಬೇಡಿ, ಹಂದಿ ಅನ್ನಿ

ಬೆಂಗಳೂರಿನ ಪೂರ್ವ ಭಾಗದಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಒಂದು ಸರ್ವನಾಮದ ಪರಿಚಯ ಚೆನ್ನಾಗಿರುತ್ತದೆ. ‘ಅದು’. ನೀರು ಎಷ್ಟು ಗಂಟೆಗೆ ಬಿಡುತ್ತಾರೆ, ಗಾಡಿ ಎಲ್ಲಿ ನಿಲ್ಲಿಸಬೇಕು, ಗೇಟು ಎಷ್ಟಕ್ಕೆ ಹಾಕುತ್ತಾರೆ ಎಂದೆಲ್ಲ ಹೇಳಿ ಮುಗಿಸಿದ ಮೇಲೆ ಓನರ್ ಸ್ವಲ್ಪ ದನಿ ತಗ್ಗಿಸುತ್ತಾರೆ: “ನಾನ್‌ವೆಜ್ ಮಾಡ್ಕೊಳ್ಳಿ ಸಾರ್, ನಮ್ದೇನೂ ಅಭ್ಯಂತರ ಇಲ್ಲ. ಆದ್ರೆ ಅದು ಮಾತ್ರ ಬೇಡ.” ಹಲಸೂರಿನಲ್ಲಿ ಈ ಮಾತು ಕೇಳಿದ್ದೇನೆ, ಇಂದಿರಾನಗರದ ಹಿಂಬದಿಯ ಬೀದಿಗಳಲ್ಲಿ ಕೇಳಿದ್ದೇನೆ, ಕೆ.ಆರ್. ಪುರದ ಹೊಸ ಬಡಾವಣೆಗಳಲ್ಲೂ ಕೇಳಿದ್ದೇನೆ. ‘ಅದು’ ಎಂದರೆ ಕೆಲವರಿಗೆ ದನ, ಕೆಲವರಿಗೆ ಹಂದಿ, ಹಲವರಿಗೆ ಎರಡೂ. ದನದ ಬಗ್ಗೆ ಕಾನೂನೇ ಬಂದಿದೆ, ಚರ್ಚೆಯೂ ನಡೆದಿದೆ. ಹಂದಿಯ ಮೇಲೆ ಯಾವ ಕಾನೂನೂ ಇಲ್ಲ. ಹಾಗಿದ್ದೂ ಅದರ ಹೆಸರು ಬಾಯಿಂದ ಹೊರಡುವುದಿಲ್ಲ.

ನಾನು ವಾದಿಸಲು ಹೊರಟಿರುವುದು ಇಷ್ಟೇ. ಹಂದಿಮಾಂಸವನ್ನು ನಮ್ಮ ನಮ್ಮ ಅಡುಗೆಮನೆಯಲ್ಲಿ, ಕಿಟಕಿ ತೆರೆದಿಟ್ಟು, ಕನ್ನಡದ ಹೆಸರಿನಲ್ಲೇ ಬೇಯಿಸುವಂತಾಗಬೇಕು. ಹೋಟೆಲಿನಲ್ಲಿ ಬೇಕಾದಷ್ಟು ಸಿಗುತ್ತದಲ್ಲ ಎಂಬ ಸಮಾಧಾನ ಇದಕ್ಕೆ ಉತ್ತರವಾಗುವುದಿಲ್ಲ.

ಏಕೆಂದರೆ ಹೋಟೆಲಿನಲ್ಲಿ ನಿಜಕ್ಕೂ ಬೇಕಾದಷ್ಟು ಸಿಗುತ್ತದೆ. ಇಂದಿರಾನಗರದ 100 ಅಡಿ ರಸ್ತೆಯಲ್ಲಿ, 12ನೇ ಮುಖ್ಯರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬನ್ನಿ. ಪೋರ್ಕ್ ರಿಬ್ಸ್ ಕೊರಿಯಾದ ರೀತಿಯಲ್ಲಿವೆ, ಅಮೆರಿಕದ ಬಾರ್ಬೆಕ್ಯೂ ರೀತಿಯಲ್ಲಿವೆ, ಕೊಡಗಿನ ರೀತಿಯಲ್ಲೂ ಇವೆ. ಒಂದು ತಟ್ಟೆಗೆ ಕೊಡುವ ಹಣದಲ್ಲಿ ಹಲಸೂರಿನ ಸಣ್ಣ ಅಂಗಡಿಯಲ್ಲಿ ಒಂದು ಕಿಲೋ ಪಕ್ಕೆಮೂಳೆ ಕೊಂಡು ಚಿಲ್ಲರೆ ವಾಪಸ್ ಪಡೆಯಬಹುದು. ಆ ಹೋಟೆಲುಗಳ ಮೇಲಿನ ಮಹಡಿಗಳಲ್ಲೋ ಪಕ್ಕದ ಗಲ್ಲಿಗಳಲ್ಲೋ ಇರುವ ಮನೆಗಳ ಬಾಡಿಗೆ ಕರಾರಿನಲ್ಲಿ ಮಾತ್ರ ‘ಅದು ಬೇಡ’ ಎಂಬ ಷರತ್ತು ಇರುತ್ತದೆ. ಆರುನೂರು ರೂಪಾಯಿ ಕೊಟ್ಟು ತಿಂದರೆ ಪರಿಮಳ, ಮನೆಯಲ್ಲಿ ಬೇಯಿಸಿದರೆ ವಾಸನೆ. ಮಾಂಸ ಅದೇ, ಮೆಣಸೂ ಅದೇ. ಬೇಯಿಸುವವನು ಗಿರಾಕಿಯಾಗಿ ಬಂದನೋ ನೆರೆಯವನಾಗಿ ಬಂದನೋ ಎಂಬುದರಲ್ಲಷ್ಟೇ ವ್ಯತ್ಯಾಸ. ಗಿರಾಕಿ ತಿಂದು ಎದ್ದುಹೋಗುತ್ತಾನೆ, ನೆರೆಯವನು ಅಲ್ಲೇ ಉಳಿಯುತ್ತಾನೆ. ಉಳಿಯುವವನ ಒಲೆಯ ಮೇಲೆ ಏನಿರಬೇಕು ಎಂಬುದೇ ಇಲ್ಲಿನ ಪ್ರಶ್ನೆ.

ಮೊದಲು ಒಲೆಯ ಮೇಲೆ ಏನಿರುತ್ತದೆ ಎಂದು ನೋಡೋಣ. ಈ ಗುಟ್ಟಿನ ಹಿಂದೆ ಅಂಥ ರಹಸ್ಯವೇನೂ ಇಲ್ಲ. ಒಂದು ಕಿಲೋ ಪಕ್ಕೆಮೂಳೆ, ಎರಡು ಬೆರಳಿನಗಲ ತುಂಡು ಮಾಡಿಸಿ, ನೆಣ ಪೂರ್ತಿ ತೆಗೆಸಬಾರದು. ಉಪ್ಪು, ಅರಿಸಿನ ಹಚ್ಚಿ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಮುಚ್ಚಿಟ್ಟರೆ ಮಾಂಸ ತಾನೇ ನೀರು ಬಿಡುತ್ತದೆ. ಎಣ್ಣೆ ಬೇಡ, ನೆಣವೇ ಕರಗಿ ಎಣ್ಣೆಯಾಗುತ್ತದೆ. ಅಷ್ಟರಲ್ಲಿ ಹತ್ತು ಬ್ಯಾಡಗಿ ಮೆಣಸಿನಕಾಯಿ, ನಾಲ್ಕು ಗುಂಟೂರು, ಎರಡು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಕಾಳುಮೆಣಸು, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳು ಮೆಂತ್ಯ ಬೇರೆ ಬೇರೆಯಾಗಿ ಹುರಿಯಬೇಕು. ಕೊತ್ತಂಬರಿ ಕಪ್ಪಿಗೆ ತಿರುಗುವ ಹೊತ್ತಿಗೆ ಇಳಿಸಬೇಕು, ಬಣ್ಣವೂ ರುಚಿಯೂ ಅಲ್ಲಿಂದಲೇ ಬರುವುದು. ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಜಜ್ಜಿ ಹಾಕಿ, ಮಸಾಲೆ ಬೆರೆಸಿ, ಮುಳುಗುವುದಕ್ಕಿಂತ ಸ್ವಲ್ಪ ಕಡಿಮೆ ನೀರು ಬಿಟ್ಟು ಒಂದೂವರೆ ಗಂಟೆ ಮರೆತುಬಿಡಬೇಕು. ಕುಕ್ಕರ್‌ನಲ್ಲಿಟ್ಟು ಸೀಟಿ ಕೂಗಿಸಿದರೆ ಮಾಂಸ ಬೇಯುತ್ತದೆ ನಿಜ, ಆದರೆ ಸಾರು ತೆಳ್ಳಗೇ ಉಳಿದುಬಿಡುತ್ತದೆ. ಮೂಳೆಗಂಟಿದ ನಾರು ನಿಧಾನವಾಗಿ ಕರಗಿ ಅಂಟಾಗಿ ಸಾರಿಗೆ ಇಳಿಯಬೇಕಾದರೆ ಹೊತ್ತು ಬೇಕು. ಕೊನೆಗೆ ಒಂದು ಚಮಚ ಕಾಚಂಪುಳಿ, ಇಲ್ಲದಿದ್ದರೆ ಗಟ್ಟಿ ಹುಣಸೆರಸ. ಮುಚ್ಚಳ ತೆಗೆದು ಮಸಾಲೆ ಮೂಳೆಗೆ ಮೆತ್ತಿಕೊಳ್ಳುವ ತನಕ ಬತ್ತಿಸಿದರೆ ಮುಗಿಯಿತು. ಮುದ್ದೆಗೂ ಸೈ, ಅನ್ನಕ್ಕೂ ಸೈ.

ಇದರಲ್ಲಿ ‘ವಾಸನೆ’ ಯಾವುದು? ಮೊದಲ ಹತ್ತು ನಿಮಿಷ ಹಸಿಮಾಂಸದ್ದು ಸ್ವಲ್ಪ ಇರುತ್ತದೆ, ಕುರಿಯದಕ್ಕಿಂತ ಕಡಿಮೆ. ಆಮೇಲಿನ ಎರಡು ಗಂಟೆ ಕಿಟಕಿಯಿಂದ ಹೊರಗೆ ಹೋಗುವುದೆಲ್ಲ ಹುರಿದ ಕೊತ್ತಂಬರಿ, ಬೆಳ್ಳುಳ್ಳಿ, ಮೆಣಸು. ಎದುರುಮನೆಯವರ ಸಾಂಬಾರಿನಲ್ಲಿ ಇರುವುದೂ ಇದೇ ತಾನೇ? ಹಂದಿ ಎಂದು ತಿಳಿಯುವ ಮುನ್ನ ಈ ಘಮಕ್ಕೆ ಯಾರೂ ಮೂಗು ಮುಚ್ಚುವುದಿಲ್ಲ. ಮೂಗಿಗೆ ವಾಸನೆ ತಟ್ಟುವುದು ಹೆಸರು ಗೊತ್ತಾದ ಮೇಲೆಯೇ.

ವಾಸನೆಯ ಮೂಲಕ ಜನರನ್ನು ಅಳೆಯುವುದಕ್ಕೆ ಸರ್ಕಾರಿ ಮುದ್ರೆಯೂ ಬಿದ್ದದ್ದುಂಟು. 2007ರಲ್ಲಿ ದೆಹಲಿ ಪೊಲೀಸರು ಈಶಾನ್ಯ ರಾಜ್ಯಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಒಂದು ಕೈಪಿಡಿ ಅಚ್ಚು ಹಾಕಿಸಿದ್ದರು. ಹೇಗೆ ಬಟ್ಟೆ ತೊಡಬೇಕು ಎಂಬುದರ ಜೊತೆಗೆ ಕಳಲೆ, ಅಖುನಿಯಂಥ ವಾಸನೆಯ ಅಡುಗೆಯನ್ನು ನೆರೆಹೊರೆಯಲ್ಲಿ ಗಲಾಟೆಯಾಗದಂತೆ ಮಾಡಿಕೊಳ್ಳಬೇಕು ಎಂಬ ಬುದ್ಧಿವಾದವೂ ಅದರಲ್ಲಿತ್ತು. ಅಖುನಿ ಎಂದರೆ ಹುದುಗಿಸಿದ ಸೋಯಾ. ನಾಗಾ ಮನೆಗಳಲ್ಲಿ ಹಂದಿಮಾಂಸಕ್ಕೆ ಅದೇ ಜೋಡಿ. ಗಲಾಟೆ ಮಾಡುವ ನೆರೆಯವರಿಗೆ ಒಂದು ಕೈಪಿಡಿ ಬರಲಿಲ್ಲ, ಅಡುಗೆ ಮಾಡುವ ಮಕ್ಕಳಿಗೆ ಬಂತು. ನಾವು ಬೆಂಗಳೂರಿನವರು ದೆಹಲಿಯಷ್ಟು ಒರಟರಲ್ಲ ಎಂದು ಬೀಗಬೇಕಾಗಿಲ್ಲ. 2012ರ ಆಗಸ್ಟ್‌ನಲ್ಲಿ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಇದೇ ಊರಿನಿಂದ ರೈಲು ಹತ್ತಿದರು. ವದಂತಿ ಹಬ್ಬಿಸಿದವರು ಬೇರೆಯವರಿರಬಹುದು. ಆದರೆ ‘ಏನೂ ಆಗಲ್ಲ, ನಾವಿದ್ದೇವೆ’ ಎಂದು ಹೇಳುವಷ್ಟು ಸಲುಗೆಯ ನೆರೆಮನೆ ಅವರಲ್ಲಿ ಎಷ್ಟು ಜನಕ್ಕಿತ್ತು? ಒಂದು ಬಟ್ಟಲು ಸಾರು ಈ ಮನೆಯಿಂದ ಆ ಮನೆಗೆ ಹೋಗದ ಕಡೆ ಅಂಥ ಸಲುಗೆ ಬೆಳೆಯುವುದು ಕಷ್ಟ.

ಎರಡನೆಯ ಆಕ್ಷೇಪ ಕೊಳಕಿನದು. ಹಂದಿ ಚರಂಡಿಯಲ್ಲಿ ಹೊರಳುವ ಪ್ರಾಣಿ, ತಿಂದರೆ ತಲೆಗೆ ಹುಳು ಹೋಗುತ್ತದೆ ಎಂಬ ಮಾತು ಓದಿದವರ ಬಾಯಲ್ಲೂ ಬರುತ್ತದೆ. ಲಾಡಿಹುಳುವಿನ ಕಥೆ ಸುಳ್ಳಲ್ಲ, ಅರ್ಧ ಮಾತ್ರ ಹೇಳಲಾಗುತ್ತಿದೆ. ಸರಿಯಾಗಿ ಬೇಯದ ಹಂದಿಮಾಂಸದಲ್ಲಿ ಹುಳುವಿನ ಮರಿಕೋಶಗಳಿದ್ದರೆ ತಿಂದವರ ಕರುಳಲ್ಲಿ ಲಾಡಿಹುಳು ಬೆಳೆಯುತ್ತದೆ. ಮೆದುಳಿಗೆ ಹೋಗುವುದು ಬೇರೆ ದಾರಿಯಲ್ಲಿ: ಲಾಡಿಹುಳು ಇರುವ ಮನುಷ್ಯರ ಮಲದಲ್ಲಿ ಹೊರಬಿದ್ದ ಮೊಟ್ಟೆಗಳು ನೀರಿನ ಮೂಲಕವೋ, ತೊಳೆಯದ ಸೊಪ್ಪಿನ ಮೂಲಕವೋ, ಕೈಯ ಮೂಲಕವೋ ಇನ್ನೊಬ್ಬರ ಹೊಟ್ಟೆ ಸೇರಿದಾಗ. ಹಾಗಾಗಿ ಜನ್ಮದಲ್ಲಿ ಮಾಂಸ ಮುಟ್ಟದವರಿಗೂ ಈ ಕಾಯಿಲೆ ಬರುತ್ತದೆ. ಎರಡು ಗಂಟೆ ಕುದಿದ ಪಾತ್ರೆಯಲ್ಲಿ ಯಾವ ಮರಿಕೋಶವೂ ಬದುಕಿರುವುದಿಲ್ಲ. ತೊಳೆಯದೆ ತಿಂದ ಕೊತ್ತಂಬರಿ ಸೊಪ್ಪಿನ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ. ಇನ್ನು ಚರಂಡಿಯ ವಿಷಯ. ಹಂದಿ ಚರಂಡಿಗೆ ಹೋದದ್ದು ನಾವು ಮಲವನ್ನು ಬಯಲಿಗೆ ಬಿಟ್ಟದ್ದರಿಂದ. ನಮ್ಮ ಹೊಲಸನ್ನು ಪ್ರಾಣಿಯ ಗುಣವೆಂದು ಬರೆದುಕೊಂಡೆವು. ಆ ಪ್ರಾಣಿಯನ್ನು ಸಾಕಿದವರನ್ನೂ ಅದೇ ಲೆಕ್ಕಕ್ಕೆ ಸೇರಿಸಿದೆವು. ಹಂದಿಜೋಗಿ, ಕೊರಮ, ಕೊರಚ ಸಮುದಾಯಗಳ ಹೆಸರನ್ನು ನಮ್ಮ ಊರುಗಳಲ್ಲಿ ಹೇಗೆ ಉಚ್ಚರಿಸುತ್ತಿದ್ದರು ಎಂಬುದು ಹಳ್ಳಿಯಿಂದ ಬಂದ ಯಾರಿಗೂ ಗೊತ್ತು. ಇವತ್ತು ಅಂಗಡಿಯಲ್ಲಿ ತೂಗುವುದು ಹೆಚ್ಚಾಗಿ ಕೊಟ್ಟಿಗೆಯಲ್ಲಿ ಮೇವು ತಿಂದು ಬೆಳೆದ ಬಿಳಿಯ ಸೀಮೆಹಂದಿ. ಕಳಂಕ ಮಾತ್ರ ಹಳೆಯದೇ.

ಮೂರನೆಯದನ್ನು ಎಚ್ಚರದಿಂದ ಹೇಳಬೇಕು. ನಾನು ದಿನಸಿ ತರುವುದು ಶಿವಾಜಿನಗರದಿಂದ. ರಸೆಲ್ ಮಾರ್ಕೆಟ್‌ನ ಸುತ್ತಲಿನ ಅಂಗಡಿಯವರಲ್ಲಿ ಅನೇಕರು ಮುಸ್ಲಿಮರು, ಅವರ ಪಾಲಿಗೆ ಹಂದಿ ಹರಾಮ್. ‘ನಿಮ್ಮ ಹಂದಿಯ ವಾದ ಅವರಿಗೆ ನೋವು ಮಾಡುವುದಿಲ್ಲವೇ?’ ಎಂದು ಗೆಳೆಯರು ಕೇಳುತ್ತಾರೆ. ಹಂದಿಮಾಂಸವನ್ನು ಮಸೀದಿಯ ಮುಂದೆ ಎಸೆದು ಗಲಭೆ ಎಬ್ಬಿಸುವವರು ಈ ದೇಶದಲ್ಲಿದ್ದಾರೆ. ಅವರಿಗೆ ಹಂದಿಯ ಮೇಲೆ ಪ್ರೀತಿಯಿಲ್ಲ, ಅವರ ಮನೆಯಲ್ಲಿ ಅದನ್ನು ಬೇಯಿಸುವುದೂ ಇಲ್ಲ. ಅಂಥವರ ಸಾಲಿನಲ್ಲಿ ನಿಲ್ಲುವ ಯಾವ ಉದ್ದೇಶವೂ ನನಗಿಲ್ಲ. ಆದರೆ ‘ನಾನು ತಿನ್ನುವುದಿಲ್ಲ’ ಎನ್ನುವುದಕ್ಕೂ ‘ನೀನು ಬೇಯಿಸಕೂಡದು’ ಎನ್ನುವುದಕ್ಕೂ ಇರುವ ಅಂತರ ಶಿವಾಜಿನಗರಕ್ಕೆ ಚೆನ್ನಾಗಿ ಗೊತ್ತು. ಬ್ರಿಟಿಷರು 1809ರಲ್ಲಿ ಇಲ್ಲಿ ದಂಡು ಕಟ್ಟಿದಾಗಿನಿಂದ ಸಿಪಾಯಿಗಳು, ಆಂಗ್ಲೋ ಇಂಡಿಯನ್ನರು, ತಮಿಳು ಮತ್ತು ತೆಲುಗು ಕೆಲಸಗಾರರು, ಉರ್ದು ಮಾತಾಡುವ ವ್ಯಾಪಾರಿಗಳು ಒಂದೇ ಬೀದಿಯಲ್ಲಿ ಬೇರೆ ಬೇರೆ ಒಲೆ ಹೂಡಿಕೊಂಡು ಬದುಕಿದರು. ಸೆಪ್ಟೆಂಬರ್ 8ರ ಸಂತ ಮೇರಿ ಬೆಸಿಲಿಕಾ ಹಬ್ಬದ ಗಲ್ಲಿಗಳಲ್ಲಿ ಎಲ್ಲ ಧರ್ಮದವರೂ ನಡೆಯುತ್ತಾರೆ, ಊಟಕ್ಕೆ ಅವರವರ ಮನೆಗೆ ಹೋಗುತ್ತಾರೆ. ಬಾಡಿಗೆ ಕರಾರಿನಲ್ಲಿ ಹಂದಿಯನ್ನು ತಡೆಯುವ ಕೈಯೇ ದನ ತಿನ್ನುವವರನ್ನು ತಡೆಯುತ್ತದೆ. ಅದೇ ಕೈ ಮುಸ್ಲಿಮರ ಹೆಸರು ಕೇಳಿದ ಕೂಡಲೇ ‘ಮನೆ ಹೋಗಿಬಿಟ್ಟಿದೆ’ ಎನ್ನುತ್ತದೆ. ಆದ್ದರಿಂದ ಹಂದಿ ಬೇಯಿಸುವವನೂ ಹಂದಿಯನ್ನು ಮುಟ್ಟದವನೂ ಈ ವಿಷಯದಲ್ಲಿ ಒಂದೇ ಕಡೆ ಇದ್ದಾರೆ. ಇದು ನನ್ನ ಜಾಣ್ಮೆಯ ಮಾತಲ್ಲ. ಮನೆ ಸಿಗದೆ ಅಲೆದವರನ್ನು ಕೇಳಿ ನೋಡಿ.

ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳ ಹೆಸರು ಹಿಡಿದು ಹೇಳುತ್ತದೆ: ಜಾತಿ, ಧರ್ಮದ ಕಾರಣಕ್ಕೆ ಇಲ್ಲಿ ಯಾರನ್ನೂ ತಡೆಯುವಂತಿಲ್ಲ. ಆ ಪಟ್ಟಿಯಲ್ಲಿ ಬಾಡಿಗೆ ಮನೆ ಇಲ್ಲ. ಜಾತಿ ಕೇಳುವುದು ಈಗ ನಾಚಿಕೆಯ ಕೆಲಸ, ಹಾಗಾಗಿ ಊಟ ಕೇಳುತ್ತಾರೆ. ‘ವೆಜ್ಜಾ ನಾನ್‌ವೆಜ್ಜಾ’ ಎಂಬ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿ ಅರ್ಧ ವಂಶವೃಕ್ಷ ಸಿಗುತ್ತದೆ, ‘ಅದೂ ತಿಂತೀರಾ’ ಎಂಬುದರಲ್ಲಿ ಉಳಿದರ್ಧ. ಹೋಟೆಲಿನಲ್ಲಿ ನನ್ನನ್ನು ತಡೆಯುವುದು ಸಂವಿಧಾನಕ್ಕೆ ವಿರುದ್ಧ, ಹನ್ನೊಂದು ತಿಂಗಳ ಕರಾರಿನಲ್ಲಿ ತಡೆಯುವುದು ಬರೀ ಷರತ್ತು. 2017ರ ಪುಟ್ಟಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಎಂದಾಗ, ಏನು ತಿನ್ನಬೇಕೆಂದು ಪ್ರಭುತ್ವ ಹೇಳುವುದನ್ನು ಯಾರೂ ಇಷ್ಟಪಡುವುದಿಲ್ಲ ಎಂಬರ್ಥದ ಮಾತನ್ನು ನ್ಯಾಯಮೂರ್ತಿ ಚೆಲಮೇಶ್ವರ್ ಬರೆದರು. ಪ್ರಭುತ್ವಕ್ಕಿಲ್ಲದ ಈ ಅಧಿಕಾರ ಎರಡನೇ ಮಹಡಿಯ ಓನರ್‌ಗೆ ಎಲ್ಲಿಂದ ಬಂತು?

ಇಷ್ಟೆಲ್ಲ ಆದ ಮೇಲೆ ಕೊನೆಯ ಆಕ್ಷೇಪ ಬರುತ್ತದೆ. ‘ಇದು ನಮ್ಮ ಊಟವೇ ಅಲ್ಲ’ ಎಂಬುದು. ಹಂದಿ ಕೊಡವರದು, ಮಂಗಳೂರಿನ ಕ್ರೈಸ್ತರದು, ದಂಡಿನ ಸಾಹೇಬರದು, ನಾಗಾಗಳದು, ಕೇರಿಯವರದು. ಪಂದಿಕರಿ, ದುಕ್ರಾಮಾಸ್, ವಿಂದಾಲು, ಪೋರ್ಕ್ ಫ್ರೈ. ಕನ್ನಡದಲ್ಲಿ ಹಂದಿ ಯಾವಾಗಲೂ ಬೇರೆ ಯಾರದೋ. ಕನ್ನಡದ ಹೆಸರಿನಲ್ಲಿ ಅದನ್ನು ಕರೆದದ್ದು ಬೈಗುಳದಲ್ಲೇ ಹೆಚ್ಚು. ಹೆದ್ದಾರಿಯ ಬದಿಯ ಮುದ್ದೆ ಹೋಟೆಲಿನ ಬೋರ್ಡಿನಲ್ಲೂ ಕೋಳಿ ಕೋಳಿಯಾಗಿಯೇ ಇರುತ್ತದೆ, ಹಂದಿ ಮಾತ್ರ ‘ಪೋರ್ಕ್’ ಆಗುತ್ತದೆ.

ಆದರೆ ಪದದ ಚರಿತ್ರೆ ಬೇರೆ ಹೇಳುತ್ತದೆ. ಹಳಗನ್ನಡದ ಪಾಲು ಹಾಲಾಯಿತು, ಪೂ ಹೂವಾಯಿತು, ಪಂದಿ ಹಂದಿಯಾಯಿತು. ಕೊಡವರು ಇವತ್ತು ‘ಪಂದಿ’ ಎನ್ನುವಾಗ ಪರಭಾಷೆಯ ಪದ ಬಳಸುತ್ತಿಲ್ಲ. ನಾವೇ ಒಮ್ಮೆ ಆಡುತ್ತಿದ್ದ ಪದ ಅದು. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರಿನ ಶಾಸನವನ್ನು ಕನ್ನಡ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಸುಮಾರು 949-50ರ ಕಲ್ಲು. ಗಂಗರ ಬೂತುಗನಿಂದ ಮಣಲೇರ ಬಹುಮಾನವಾಗಿ ಕೇಳಿ ಪಡೆದ ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಕಾದಿತು, ನಾಯಿ ಹಂದಿ ಎರಡೂ ಸತ್ತವು. ನಾಯಿಗೆ ವೀರಗಲ್ಲು ನಿಂತಿತು. ಚಾಲುಕ್ಯರ ಲಾಂಛನ ವರಾಹ, ವಿಜಯನಗರದ ಲಾಂಛನದಲ್ಲೂ ವರಾಹ, ನಾಡಿನ ಚಿನ್ನದ ನಾಣ್ಯದ ಹೆಸರು ವರಹ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಹೆಸರಿನಲ್ಲಿರುವ ಮಾನಸೋಲ್ಲಾಸ 1129ರ ಸುಮಾರಿನ ಗ್ರಂಥ. ಅದರ ಅನ್ನಭೋಗದ ಭಾಗದಲ್ಲಿ ಹಂದಿಯ ಕೂದಲನ್ನು ಬಿಸಿನೀರು ಸುರಿದೋ ಹುಲ್ಲಿನ ಬೆಂಕಿಯಲ್ಲಿ ಸುಟ್ಟೋ ತೆಗೆದು, ತುಂಡು ಮಾಡಿ, ಮಸಾಲೆಯಲ್ಲಿ ಬೇಯಿಸುವ ಕ್ರಮವಿದೆ. ಹಲಸೂರಿನ ಅಂಗಡಿಯಲ್ಲಿ ಇಂದೂ ನಡೆಯುವುದು ಹೆಚ್ಚು ಕಡಿಮೆ ಅದೇ ಕೆಲಸ. ಆದರೆ ಆ ಗ್ರಂಥ ಸಂಸ್ಕೃತದಲ್ಲಿದೆ. ಕನ್ನಡದಲ್ಲಿ ನಮಗೆ ಉಳಿದು ಬಂದ ಅಡುಗೆ ಪುಸ್ತಕ ಎಂದರೆ ಮೂರನೇ ಮಂಗರಸನ ಸೂಪಶಾಸ್ತ್ರ, 16ನೇ ಶತಮಾನದ ಆರಂಭದ್ದು, ಜೈನ ಕವಿಯ ಸಸ್ಯಾಹಾರದ ಪುಸ್ತಕ. ಮಂಗರಸ ತನ್ನ ಮನೆಯ ಅಡುಗೆ ಬರೆದ, ತಪ್ಪೇನಿಲ್ಲ. ಅವನ ಅಡುಗೆಮನೆಯನ್ನೇ ಇಡೀ ಕನ್ನಡದ ಅಡುಗೆಮನೆ ಎಂದುಕೊಂಡವರು ನಾವು.

ಇನ್ನೊಂದನ್ನು ಗಮನಿಸಿ. ರಾಜ ಹೊಡೆದ ಕಾಡುಹಂದಿ ಪರಾಕ್ರಮ, ಕೇರಿಯಲ್ಲಿ ಸಾಕಿದ ಊರುಹಂದಿ ಹೇಸಿಗೆ. ಮಾಂಸ ಹೆಚ್ಚು ಕಡಿಮೆ ಒಂದೇ. 1972ರ ವನ್ಯಜೀವಿ ಕಾಯ್ದೆಯ ನಂತರ ಕಾಡುಹಂದಿಯ ಬೇಟೆ ಅಪರಾಧ, ಹಾಗಾಗಿ ಪರಾಕ್ರಮದ ಹಂದಿ ತಟ್ಟೆಯಿಂದ ಹೋಯಿತು, ಕೇರಿಯ ಹಂದಿ ಉಳಿಯಿತು. ಅದರ ಜೊತೆ ಕೇರಿಯ ಹೆಸರೂ ಉಳಿಯಿತು.

ಈಗ ನನ್ನ ಜಗಳ ಸಸ್ಯಾಹಾರಿಗಳ ಜೊತೆ ಎಂದು ಓದುಗರು ಭಾವಿಸಿದ್ದರೆ, ಅದು ಪೂರ್ತಿ ಸರಿಯಲ್ಲ. ಕೇಂದ್ರ ಸರ್ಕಾರದ 2014ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದರಲ್ಲಿ ಸುಮಾರು ನಾಲ್ವರು ಮಾಂಸಾಹಾರಿಗಳು. ‘ಅದು ಬೇಡ’ ಎನ್ನುವ ಓನರ್‌ಗಳಲ್ಲಿ ಹಲವರು ಭಾನುವಾರ ಮಟನ್ ತರುವವರೇ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಯುವಾಗ ಮಳಿಗೆಗಳಿಗೆ ಕೊಟ್ಟ ಸೂಚನೆಯಲ್ಲಿ ಮದ್ಯ, ತಂಬಾಕಿನ ಸಾಲಿಗೆ ಮಾಂಸಾಹಾರವನ್ನೂ ಸೇರಿಸಿದ್ದರು. ಬಾಡೂಟ ಬೇಕೆಂದು ಜನ ಪ್ರತಿಭಟಿಸಿದರು. ಆ ಸಿಟ್ಟು ನ್ಯಾಯವಾದದ್ದು, ನನ್ನ ಒಪ್ಪಿಗೆಯೂ ಅದಕ್ಕಿದೆ. ಆದರೆ ನಾನು ಕೇಳಿಸಿಕೊಂಡ ಬಾಡೂಟದ ವಾದಗಳಲ್ಲಿ ಬಾಡು ಎಂದರೆ ಕುರಿ, ಕೋಳಿ, ಹೆಚ್ಚೆಂದರೆ ಮೊಟ್ಟೆ. ನಮ್ಮ ಆಹಾರದ ಘನತೆ ಎನ್ನುವಾಗ ‘ನಮ್ಮ’ ಎಂಬುದು ಕುರಿಯ ಕೊಟ್ಟಿಗೆಯ ಬಾಗಿಲಲ್ಲಿ ನಿಂತುಬಿಟ್ಟರೆ, ಮೇಲಿನವರು ನಮಗೆ ಮಾಡಿದ್ದನ್ನೇ ನಾವು ಕೆಳಗಿನವರಿಗೆ ಮಾಡಿದಂತಾಯಿತು. ಕೋಲಾರದ ಕಡೆಯ ನಮ್ಮ ಮನೆಯಲ್ಲಿ ಹಂದಿ ಬೇಯುತ್ತಿದ್ದದ್ದು ಹಿತ್ತಲಿನಲ್ಲಿ, ಮೂರು ಕಲ್ಲಿನ ಒಲೆಯ ಮೇಲೆ, ಬೇರೆ ಪಾತ್ರೆಯಲ್ಲಿ. ಬೇಯಿಸುತ್ತಿದ್ದವರು ಗಂಡಸರು. ತಿಂದು, ಕೈ ತೊಳೆದು, ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕಿತ್ತು. ಅದೇ ಮನೆಯಲ್ಲಿ ಕುರಿ ದೇವರ ಕೋಣೆಯ ಪಕ್ಕದಲ್ಲೇ ಬೇಯುತ್ತಿತ್ತು. ಮಾಂಸಾಹಾರಿಗಳ ಮನೆಯೊಳಗೂ ಒಂದು ಅಗ್ರಹಾರ ಇದೆ ಎಂದು ನನಗೆ ಪಾಠ ಹೇಳಿದ್ದು ಆ ಹಿತ್ತಿಲು. ನಗರಕ್ಕೆ ಬಂದ ಮೇಲೆ ಹಿತ್ತಿಲು ಹೋಯಿತು, ಅದರ ಜಾಗಕ್ಕೆ ಹೋಟೆಲು ಬಂತು. ಒಳಗೆ ಬೇಡ, ಹೊರಗೆ ಸರಿ ಎಂಬ ನಿಯಮ ಬದಲಾಗಲಿಲ್ಲ.

ಹಾಗಾದರೆ ಏನು ಮಾಡಬೇಕು? ಓನರ್‌ಗಳಿಗೆ ಹೇಳುವುದು: ಗೋಡೆಗೆ ಮೊಳೆ ಹೊಡೆಯಬೇಡಿ ಎನ್ನಿ, ರಾತ್ರಿ ಗದ್ದಲ ಬೇಡ ಎನ್ನಿ, ಕಸ ಬೇರ್ಪಡಿಸಿ ಎನ್ನಿ, ಮೂಳೆಯನ್ನು ಮೋರಿಗೆ ಹಾಕಬೇಡಿ ಎನ್ನಿ. ಅವೆಲ್ಲ ನೆರೆಹೊರೆಯ ನಿಯಮ, ಎಲ್ಲರಿಗೂ ಒಂದೇ. ಪಾತ್ರೆಯ ಮುಚ್ಚಳ ತೆಗೆದು ನೋಡುವುದು ಆ ನಿಯಮಗಳಲ್ಲಿ ಸೇರುವುದಿಲ್ಲ. ಬಾಡಿಗೆದಾರರಿಗೆ, ಅದರಲ್ಲೂ ಪಿಜಿಗಳಲ್ಲಿ, ಹಂಚಿಕೊಂಡ ಮನೆಗಳಲ್ಲಿ ಇರುವ ವಿದ್ಯಾರ್ಥಿಗಳಿಗೆ ಹೇಳುವುದು: ಸಾಧ್ಯವಿದ್ದವರು ಮೊದಲ ದಿನವೇ ಹೆಸರು ಹಿಡಿದು ಹೇಳಿ. ಎಲ್ಲರಿಗೂ ಸಾಧ್ಯವಿಲ್ಲ ಎಂದು ಬಲ್ಲೆ. ಅಡ್ವಾನ್ಸ್ ಕೊಟ್ಟವರ ಸ್ಥಿತಿ ಬೇರೆ, ಊರು ಬಿಟ್ಟು ಬಂದ ಒಂಟಿ ಹುಡುಗಿಯ ಸ್ಥಿತಿ ಬೇರೆ. ಅದಕ್ಕೇ ಧೈರ್ಯದ ಭಾರ ಹೊರಬೇಕಾದವರು ಸ್ವಂತ ಮನೆ ಇರುವವರು, ಹೆಸರಿನಲ್ಲಿ ಜಾತಿಯ ರಕ್ಷಣೆ ಇರುವವರು, ಮಟನ್ ತಿಂದು ಯಾರಿಗೂ ಹೆದರದೆ ಬದುಕಿದವರು. ಅವರು ಮೊದಲು ಬೇಯಿಸಲಿ, ತಮ್ಮ ಕಿಟಕಿ ತೆರೆಯಲಿ.

ಬರೆಯುವವರಿಗೆ ಹೇಳುವುದು: ದಲಿತ ಲೇಖಕರು ಬಾಡನ್ನು ಮುಚ್ಚುಮರೆ ಇಲ್ಲದೆ ಕನ್ನಡಕ್ಕೆ ತಂದು ದಶಕಗಳೇ ಆದವು. ನಾನು ಓದುತ್ತಾ ಬಂದ ಅಡುಗೆ ಅಂಕಣಗಳು ಇನ್ನೂ ಕೋಳಿ, ಮೀನು ದಾಟಿಲ್ಲ. ಪಕ್ಕೆಮೂಳೆ, ನೆಣ, ಹಂದಿಸಾರು ಎಂದು ಅಚ್ಚಿನಲ್ಲಿ ಬರಲಿ. ಹುಳಿಗೆ ಕಾಚಂಪುಳಿಯೋ ಹುಣಸೆಯೋ ಎಂದು ಕೊಡಗಿನವರೂ ಕೋಲಾರದವರೂ ಪತ್ರ ಬರೆದು ಕಿತ್ತಾಡಲಿ. ಮೆಂತ್ಯ ಹಾಕಬಾರದು ಎಂದು ನನಗೂ ನಾಲ್ಕು ಜನ ಬೈಯಲಿ. ಅಳತೆಯ ಬಗ್ಗೆ ಜಗಳವಾಡುವ ಜನ ‘ಅದು’ ಎಂದು ಪಿಸುಗುಟ್ಟುವುದಿಲ್ಲ.